ಶನಿವಾರ ಮಧ್ಯಾಹ್ನ ಮನೆಗೆ ಬರುತ್ತಿದ್ದ ಶಾಲೆ

ನಮ್ಮೂರ ಶಾಲೆಯ ಸಂಚಾಲಕರ ಕುರ್ಚಿಯಲ್ಲಿ ಕುಳಿತಿರುವ

ಮಾನ್ಯರೇ,

ನನ್ನ ತಮ್ಮನ ಮಗಳು, ಎಂಟನೇ ತರಗತಿಯ ಝುನೈರಾಳನ್ನು ನೀವು ಶಾಲೆಯಿಂದ ಹೊರಗೆ ಹಾಕುತ್ತಿದ್ದೀರಿ. ಹೊರಗೆ ಹಾಕುವುದು ಎಂಬ ಮಾತು ನಿಮ್ಮ ಕಚೇರಿಯವರಿಗೆ ಹಿಡಿಸುವುದಿಲ್ಲ ಎಂದು ಗೊತ್ತು. ಫೋನಿನಲ್ಲಿ ಅವರು ಹೇಳಿದ್ದು "ಹೊರಗೆ ಹಾಕಿದ್ದಲ್ಲ ಮಾರಾಯ್ರೇ, ಟಿ.ಸಿ. ತಕೊಂಡು ಹೋಗಿ ಅಂತ ಹೇಳಿದ್ದು" ಎಂದು. ಅದೇ ವಾರ ಅದೇ ಶಾಲೆಯ ಮುಂದಿನ ಗೋಡೆಗೆ ನೂರು ವರ್ಷದ ಇತಿಹಾಸವನ್ನು ಬಣ್ಣದಲ್ಲಿ ಬರೆಸಿದ್ದೀರಿ. ಅದರ ಫೋಟೋ ಊರಿನವರ ವಾಟ್ಸಾಪ್ ಗುಂಪಿನ ಮೂಲಕ ಇಲ್ಲಿಗೂ ಬಂತು. ಬೆರಳಿನಲ್ಲಿ ದೊಡ್ಡದು ಮಾಡಿ ಮಾಡಿ ಓದಿದೆ. ದಾನಿಗಳ ಹೆಸರು ಉಂಟು, ಶಾಸಕರ ಹೆಸರು ಉಂಟು, ಕೊಳವೆಬಾವಿ ತೆಗೆದ ವರ್ಷವೂ ಉಂಟು. ಎಲ್ಲಕ್ಕಿಂತ ಕೆಳಗೆ, ಹೂಕುಂಡ ಅಡ್ಡ ಬಂದ ಜಾಗದಲ್ಲಿ, ಒಂದು ಸಾಲು: "ಆರಂಭದ ವರ್ಷಗಳಲ್ಲಿ ಕ್ರೈಸ್ತ ಸನ್ಯಾಸಿನಿಯರೂ ಸಹಕರಿಸಿದರು."

ಸಹಕರಿಸಿದರು! ಜಾಗ ಹಿಡಿದು, ಕಲ್ಲು ಹೊರಿಸಿ, ಹಂಚು ಹಾಕಿಸಿ, ನಮ್ಮ ಅಜ್ಜಿಯ ಕಾಲದಿಂದ ನಮ್ಮ ಕಾಲ ದಾಟುವವರೆಗೆ ಆ ಶಾಲೆಯನ್ನು ನಡೆಸಿದವರು ಸಹಕರಿಸಿದರು. ಹಾಗಾದರೆ ನಡೆಸಿದವರು ಯಾರು, ಕೊಳವೆಬಾವಿಯೇ?

ನನ್ನ ದೃಷ್ಟಿಯಲ್ಲಿ ಈ ಎರಡು ತಪ್ಪುಗಳೂ ಒಂದೇ ತಪ್ಪು. ಅದನ್ನು ವಿವರಿಸುವಷ್ಟು ವಿದ್ಯೆ ನನಗೆ ಇದೆಯೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಬರೆಯುತ್ತಿದ್ದೇನೆ. ಹೆದರಿಕೆ ಅದೊಂದೇ ಅಲ್ಲ. ಈ ಪತ್ರ ಪತ್ರಿಕೆಯಲ್ಲಿ ಬಂದರೆ ನೀವು ಸಿಟ್ಟಾಗಿ ಹುಡುಗಿಗೆ ಇನ್ನಷ್ಟು ತೊಂದರೆ ಕೊಟ್ಟರೆ? ಬರದೇ ಹೋದರೆ? ಬಂದು, ಯಾರೂ ಓದದೇ ಹೋದರೆ? ನಿಮಗೆ ಖಾಸಗಿಯಾಗಿ ಕಳಿಸಿದ ಸಂದೇಶಗಳಿಗೆಲ್ಲ ನೀಲಿ ಗೆರೆ ಬಿದ್ದಿದೆ, ಉತ್ತರ ಬಿದ್ದಿಲ್ಲ. ಆದುದರಿಂದ ಊರೆಲ್ಲ ನೋಡುವ ಹಾಗೆ ಬರೆಯುವುದು ಅನಿವಾರ್ಯವಾಯಿತು.

ನಾನು ಬತೂಲ್. ಇರುವುದು ಸೌದಿಯ ತಬೂಕ್‌ನಲ್ಲಿ. ನಮ್ಮ ಕಡೆಯವರು ಜಿದ್ದಾದಲ್ಲಿ ಸಿಗುತ್ತಾರೆ, ಜುಬೈಲ್‌ನಲ್ಲಿ ಸಿಗುತ್ತಾರೆ, ಇಲ್ಲಿ ಹುಡುಕಬೇಕು. ನನ್ನ ಗಂಡ ಯಹ್ಯಾ ಗೋಧಿ ಹೊಲಗಳಿಗೆ ನೀರು ಬಿಡುವ ಯಂತ್ರಗಳ ರಿಪೇರಿಗೆ ಹೋಗುತ್ತಾರೆ. ಹೊಲದಲ್ಲೇ ಉಳಿಯುವ ದಿನಗಳೇ ಹೆಚ್ಚು. ಮಗ ಓದಲು ರಿಯಾದ್‌ಗೆ ಹೋದ. ಫೋನ್ ಮಾಡಿದರೆ ಇಂಗ್ಲಿಷಿನಲ್ಲಿ ಶುರುಮಾಡುತ್ತಾನೆ, ನಾನು ಬ್ಯಾರಿಯಲ್ಲಿ ಮುಗಿಸುತ್ತೇನೆ. ಕೆಳಗಿನ ಅಂಗಡಿಯ ಬಂಗಾಳಿಯ ಹತ್ತಿರ ಹಿಂದಿ, ಪಕ್ಕದ ಮನೆಯ ಈಜಿಪ್ಟಿನ ಹೆಂಗಸಿನ ಹತ್ತಿರ ಸಲಾಂ ಮತ್ತು ನಗು. ಕನ್ನಡ ಮಾತಾಡಲು ಯಾರೂ ಇಲ್ಲ. ಕನ್ನಡ ನನ್ನ ಮನೆಮಾತೇನೂ ಅಲ್ಲ. ಶಾಲೆಯಲ್ಲಿ ಅದನ್ನು ಕಲಿಸಿದ ಸಿಸ್ಟರ್‌ದೂ ಅಲ್ಲ, ಅವರದ್ದು ಕೊಂಕಣಿ. ತರಗತಿಯಲ್ಲಿ ನನ್ನ ಪಕ್ಕ ಕುಳಿತುಕೊಳ್ಳುತ್ತಿದ್ದ ಮೋಹಿನಿಯದ್ದು ತುಳು. ನಮ್ಮಲ್ಲಿ ಯಾರದ್ದೂ ಅಲ್ಲದ ಆ ಭಾಷೆಯಲ್ಲಿ ನಾವು ಜಗಳವಾಡಿ, ಪೆಟ್ಟು ತಿಂದು, ಪದ್ಯ ಬಾಯಿಪಾಠ ಮಾಡಿ, ಕೊನೆಗೆ ಅದು ಎಲ್ಲರದ್ದೂ ಆಯಿತು. ಈಗ ನಾನು ಗಟ್ಟಿಯಾಗಿ ಕನ್ನಡ ಓದುವುದು ಅಡುಗೆಮನೆಯಲ್ಲಿ, ಊರಿನಿಂದ ಬಂದ ಮಸಾಲೆ ಪೊಟ್ಟಣದ ಮೇಲಿನ ಅಕ್ಷರಗಳನ್ನು. ಆದ್ದರಿಂದ ಈ ಪತ್ರ ಉದ್ದವಾದರೆ ಕ್ಷಮಿಸಿ. ಇಷ್ಟು ಮಾತಾಡದೆ ಬಹಳ ಸಮಯವಾಯಿತು.

ಯಹ್ಯಾ ಮೊನ್ನೆ ನಾನು ಬರೆಯುವುದನ್ನು ನೋಡಿ, "ನೀನು ಶಾಲೆ ಬಿಟ್ಟು ಕಾಲ ಎಷ್ಟಾಯ್ತು! ಶಾಲೆ ಮಾತ್ರ ನಿನ್ನನ್ನು ಬಿಡ್ಲಿಲ್ಲ" ಎಂದರು. ತಮಾಷೆಗೆ ಅಂದದ್ದು. ನನಗೆ ಮಾತ್ರ ಅದೇ ಸರಿಯಾದ ಇತಿಹಾಸ ಅನ್ನಿಸಿತು. ಬಿಡದೆ ಇದ್ದ ಶಾಲೆ ಹೇಗಿತ್ತು ಎಂದು ನಿಮಗೆ ಹೇಳಬೇಕು, ಏಕೆಂದರೆ ನಿಮ್ಮ ಗೋಡೆ ಹೇಳುವುದಿಲ್ಲ.

ನಾನು ಆರನೇ ತರಗತಿಯಲ್ಲಿರುವಾಗ ಉಮ್ಮನಿಗೆ ಹೆರಿಗೆಯಾಯಿತು. ತಮ್ಮ ಶಫೀಕ್ ಹುಟ್ಟಿದ. ಉಮ್ಮ ಏಳಲಾರದೆ ಮಲಗಿದಳು. ಮಗು ನನ್ನ ಸೊಂಟಕ್ಕೆ ಬಂತು, ಶಾಲೆ ನಿಂತಿತು. ನಮ್ಮ ಮನೆಗಳಲ್ಲಿ ಇದನ್ನು ಯಾರೂ ತೀರ್ಮಾನ ಮಾಡುವುದಿಲ್ಲ, ಅದು ತಾನಾಗಿ ಆಗುತ್ತದೆ. ಆಗ ನಮ್ಮ ತರಗತಿಗೆ ಸಿಸ್ಟರ್ ಸೆವ್ರಿನ್ ಇದ್ದರು. ಆ ಸಿಸ್ಟರ್‌ಗಳಲ್ಲಿ ಒಂದು ಪದ್ಧತಿ ಇತ್ತು. ಬರುವುದನ್ನು ನಿಲ್ಲಿಸಿದ ಮಗುವಿನ ಹೆಸರನ್ನು ಅವರು ಬಿಡುತ್ತಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಹಾಜರಿ ಕರೆಯುವಾಗ ಆ ಹೆಸರನ್ನೂ ಕರೆಯುತ್ತಿದ್ದರು. ಕರೆದು, ತಲೆ ಎತ್ತಿ ಕಾಯುತ್ತಿದ್ದರು. ಆಗ ಇಡೀ ತರಗತಿ ಒಟ್ಟಿಗೆ "ಬರ್ತಾಳೆ ಸಿಸ್ಟರ್" ಎನ್ನಬೇಕು. ಮಳೆಗಾಲ ಮುಗಿದರೂ, ಪರೀಕ್ಷೆ ಬಂದರೂ, ವರ್ಷ ಮುಗಿಯುವವರೆಗೆ, ಬರ್ತಾಳೆ ಸಿಸ್ಟರ್. ನಾನೂ ಬೇರೆಯವರಿಗಾಗಿ ಎಷ್ಟೋ ಸಲ ಹಾಗೆ ಕೂಗಿದ್ದೆ, ಅರ್ಥ ಯೋಚಿಸದೆ. ನನ್ನ ಹೆಸರಿಗೂ ಹಾಗೆ ಕೂಗುತ್ತಿದ್ದಾರೆ ಎಂದು ಮೋಹಿನಿ ಬೇಲಿಯ ಆಚೆ ನಿಂತು ಹೇಳಿದ ದಿನ ನಾನು ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಅತ್ತೆ.

ಶನಿವಾರ ಅರ್ಧ ದಿನ ಶಾಲೆ. ಊಟವಾದ ಮೇಲೆ ಸಿಸ್ಟರ್‌ಗಳು ಕೊಡೆ ಹಿಡಿದು ಹೊರಡುತ್ತಿದ್ದರು, ಬರದೇ ಇದ್ದವರ ಮನೆಗೆ. ಒಂದು ಶನಿವಾರ ಸಿಸ್ಟರ್ ಸೆವ್ರಿನ್ ನಮ್ಮ ಜಗಲಿಗೆ ಬಂದು ಕುಳಿತರು. ಉಮ್ಮ ಒಳಗಿನಿಂದ, "ಅವಳಿನ್ನು ಬರುದಿಲ್ಲ ಸಿಸ್ಟರೇ, ಮಗು ನೋಡ್ಲಿಕ್ಕೆ ಜನ ಇಲ್ಲ" ಎಂದಳು.

"ಬರುದಿಲ್ವಾ? ಹಾಗಾದ್ರೆ ನಾನು ಮಕ್ಕಳಿಗೆ ಎಂತ ಹೇಳುದು ಪಾತುಮ್ಮ? ಅವರು ದಿನಾ ಬರ್ತಾಳೆ ಬರ್ತಾಳೆ ಅಂತ ಹೇಳ್ತಾ ಇದ್ದಾರೆ. ಒಂದು ಕ್ಲಾಸಿನ ಮಕ್ಕಳನ್ನೇ ಸುಳ್ಳರು ಮಾಡ್ಲಿಕ್ಕೆ ಉಂಟಾ ನಿಮ್ಗೆ?"

ಉಮ್ಮ ಚಹಾ ಮಾಡಲು ನನಗೆ ಹೇಳಿ, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದಳು. "ಊರಿನವರು ಹೇಳ್ತಾರೆ, ನೀವು ಹುಡುಗಿಯರನ್ನು ನಿಮ್ಮ ಜಾತಿಗೆ ಸೇರಿಸ್ತೀರಿ ಅಂತ."

"ನಿಮ್ಮ ಮಗಳ ತಲೆಗೆ ನಾನು ಎರಡು ವರ್ಷದಿಂದ ಭಾಗಾಕಾರ ಹಾಕ್ಲಿಕ್ಕೆ ನೋಡ್ತಾ ಇದ್ದೇನೆ. ಅದೇ ಹೋಗುದಿಲ್ಲ. ಇನ್ನು ಬೈಬಲ್ ಹೋಗ್ತದಾ?"

ಉಮ್ಮ ನಕ್ಕಳು. ಹೆರಿಗೆಯಾದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಸಿಸ್ಟರ್ ಎದ್ದು ಕೊಡೆ ಬಿಡಿಸಿ, "ಮಗು ಇದ್ರೆ ಮಗುವನ್ನೂ ಕರ್ಕೊಂಡು ಬರ್ಲಿ" ಎಂದು ಹೇಳಿ ಇಳಿದು ಹೋದರು.

ಹಾಗೆ ನನ್ನ ತಮ್ಮ ತಿಂಗಳ ಲೆಕ್ಕದ ಪ್ರಾಯದಲ್ಲೇ ನಿಮ್ಮ ಶಾಲೆಗೆ ಬಂದ, ಮಾನ್ಯರೇ. ಕಾನ್ವೆಂಟಿನ ಹಿಂದಿನ ಜಗಲಿಯ ಮಾಡಿನ ಪಕ್ಕಾಸಿಗೆ ಹಳೆಯ ಸೀರೆಯ ತೊಟ್ಟಿಲು ಕಟ್ಟಿದ್ದರು. ಒಂದಲ್ಲ, ಸಾಲಾಗಿ. ಅಕ್ಕಂದಿರು ತರಗತಿಯಲ್ಲಿ, ತಮ್ಮ ತಂಗಿಯರು ತೊಟ್ಟಿಲಲ್ಲಿ. ಅಡುಗೆಯ ಮುದಿ ಸಿಸ್ಟರ್ ಒಂದು ಕೈಯಲ್ಲಿ ತರಕಾರಿ ಹೆಚ್ಚುತ್ತಾ ಇನ್ನೊಂದು ಕೈಯಲ್ಲಿ ಹಗ್ಗ ಎಳೆಯುತ್ತಿದ್ದರು. ಶಾಲೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕನ್ಯಾಸ್ತ್ರೀಯರ ಮನೆಯೊಳಗಿನಿಂದ ಮಗುವಿನ ಅಳು ಕೇಳಿ ಗಾಬರಿಯಾಗಿ, "ಇದು ಯಾರ ಮಗು ಸಿಸ್ಟರ್?" ಎಂದು ಮೆಲ್ಲಗೆ ಕೇಳಿದರಂತೆ. ಸಿಸ್ಟರ್ ಸೆವ್ರಿನ್ ಮುಖ ಅಲುಗಿಸದೆ, "ಆರನೇ ತರಗತಿದ್ದು ಸರ್" ಎಂದರಂತೆ. ಈ ಮಾತು ನಮ್ಮ ಬ್ಯಾರಿಗಳ ಮದುವೆ ಮನೆಗಳಲ್ಲಿ ಈಗಲೂ ಹೇಳಿ ನಗುವ ಮಾತು. ನಿಮ್ಮ ಇತಿಹಾಸ ಸಮಿತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲವೇ? ಅಥವಾ ತೊಟ್ಟಿಲಿಗೆ ಕೊಳವೆಬಾವಿಯಷ್ಟು ಘನತೆ ಇಲ್ಲವೇ?

ಸಿಸ್ಟರ್‌ಗಳು ದೇವತೆಗಳು ಎಂದು ನಾನು ಹೇಳುತ್ತಿಲ್ಲ. ಕೈಗಂಟಿಗೆ ಅಡಿಕೋಲಿನಲ್ಲಿ ಹೊಡೆಯುತ್ತಿದ್ದರು. ಬಿಸಿಲಿನಲ್ಲಿ ಮೊಣಕಾಲೂರಿಸುತ್ತಿದ್ದರು. ಅವರಲ್ಲೂ ಎಲ್ಲರೂ ಸೆವ್ರಿನ್ ಆಗಿರಲಿಲ್ಲ. ಅದಕ್ಕೂ ಸಾಕ್ಷಿ ನಾನೇ. ಎಂಟನೆಯ ಅರ್ಧಕ್ಕೆ ನಾನು ಎರಡನೇ ಸಲ ಶಾಲೆ ಬಿಟ್ಟೆ. ಆ ಸಲ ಸೋದರಮಾವನ ಮನೆಯವರ ಅಡುಗೆಗೆ ಜನ ಬೇಕಿತ್ತು. ಸಿಸ್ಟರ್ ಸೆವ್ರಿನ್‌ಗೆ ಅಷ್ಟರಲ್ಲಿ ಘಟ್ಟದ ಮೇಲಿನ ಶಾಲೆಗೆ ವರ್ಗವಾಗಿತ್ತು. ಹೊಸದಾಗಿ ಬಂದವರು ಕಟ್ಟಡದ ಕೆಲಸದಲ್ಲಿದ್ದರು. ಶನಿವಾರ ಮಧ್ಯಾಹ್ನ ನಾನು ಪಾತ್ರೆ ಬೇಗ ತೊಳೆದು ಜಗಲಿಗೆ ಬರುತ್ತಿದ್ದೆ. ದಾರಿಯಲ್ಲಿ ಕಪ್ಪು ಕೊಡೆ ಕಂಡರೆ ಅಂಗಳಕ್ಕೆ ಇಳಿದು ನೋಡುತ್ತಿದ್ದೆ. ಅದು ಮೀನಿನವನದ್ದು, ಇಲ್ಲವೇ ಮಸೀದಿಯ ಮುಕ್ರಿಯವರದ್ದು. ಯಾರೂ ಬರಲಿಲ್ಲ. ವರ್ಷ ಮುಗಿಯಿತು, ನಾನು ಜಗಲಿಗೆ ಬರುವುದನ್ನು ಬಿಟ್ಟೆ. ಒಬ್ಬಳೇ ಹುಡುಗಿ, ಒಂದೇ ಶಾಲೆ, ಅದೇ ಬಡತನ. ಒಂದು ಸಲ ಯಾರೋ ಮನೆಗೆ ಬಂದರು, ಇನ್ನೊಂದು ಸಲ ಬರಲಿಲ್ಲ. ವ್ಯತ್ಯಾಸ ಅಷ್ಟೇ ಮಾನ್ಯರೇ. ಆ ವ್ಯತ್ಯಾಸದೊಳಗೆ ನಾನು ಇಷ್ಟು ವರ್ಷ ವಾಸ ಮಾಡಿದ್ದೇನೆ.

ಈಗ ಝುನೈರಾಳ ವಿಷಯ. ಉಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಫೀಕ್‌ನ ಹೆಂಡತಿ ಸಬೀನಾಗೆ ಹೆರಿಗೆಯಾಗಿ ಸ್ವಲ್ಪವೇ ಸಮಯ. ಶಫೀಕ್ ಇಲ್ಲೇ ಸೌದಿಯ ಅಲ್ ಖರ್ಜ್‌ನಲ್ಲಿ ಹಾಲಿನ ಲಾರಿ ಓಡಿಸುತ್ತಾನೆ. ಮನೆಯಲ್ಲಿ ಕೈಕಾಲು ಗಟ್ಟಿ ಇರುವವಳು ಈ ಹುಡುಗಿ ಒಬ್ಬಳೇ. ಯಾರೂ ತೀರ್ಮಾನ ಮಾಡಲಿಲ್ಲ, ತಾನಾಗಿ ಆಯಿತು. ಶಫೀಕ್‌ಗೆ ಫೋನ್ ಮಾಡಿ ಗದರಿಸಿದೆ.

"ಒಂದು ವರ್ಷ ಹೋದ್ರೆ ಎಂತ ಆಗ್ತದೆ ಅಕ್ಕಾ? ನೀನೂ ಬಿಟ್ಟಿದ್ದಿ. ಎಂತ ಕಮ್ಮಿ ಆಗಿದೆ ನಿನ್ಗೆ? ಸೌದಿಯಲ್ಲಿ ಎ.ಸಿ. ಹಾಕಿ ಕೂತಿದ್ದಿ."

"ಎಂತ ಕಮ್ಮಿಯಾ? ಬಾ ಇಲ್ಲಿಗೆ, ಕೂತು ನೋಡು" ಎಂದೆ. ಅವನು ನಕ್ಕ. ಕಾನ್ವೆಂಟಿನ ತೊಟ್ಟಿಲಲ್ಲಿ ಮಲಗಿ ಬೆಳೆದವನು ಇವನು! ಸಿಟ್ಟು ಬಂತು. ಮರುಕ್ಷಣ ಅವನು ಗಾಡಿ ಓಡಿಸುತ್ತಾ ಮಾತಾಡುತ್ತಿದ್ದಾನೋ ಏನೋ ಎಂದು ಹೆದರಿ ಫೋನ್ ಇಟ್ಟೆ.

ಆಮೇಲೆ ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಸಬೀನಾಳ ತಾಯಿ ದಿನಾ ಬೆಳಿಗ್ಗೆ ಬಂದು ಮಧ್ಯಾಹ್ನದವರೆಗೆ ಇರಲು ಒಪ್ಪಿದ್ದಾರೆ, ಹುಡುಗಿ ಅಷ್ಟು ಹೊತ್ತು ಶಾಲೆಗೆ ಬರಲಿ, ಉಮ್ಮ ಎದ್ದು ಕೂರುವವರೆಗೆ ಮಾತ್ರ ಎಂದು ಬೇಡಿಕೊಂಡೆ. ತರಗತಿಯ ಶಿಕ್ಷಕಿ ಗೌತಮಿ ಮೇಡಂ ಪಾಪ ಒಳ್ಳೆಯವರು, "ಕಳ್ಸಿ, ನಾನು ಬಿಟ್ಟುಹೋದ ಪಾಠ ಮಾಡಿ ಕೊಡ್ತೇನೆ" ಎಂದಿದ್ದರು. ಕಚೇರಿಯವರು ಮಾತ್ರ, "ಹಾಜರಿ ಆ್ಯಪ್‌ನಲ್ಲಿ ಅರ್ಧ ದಿನ ಅಂತ ಇಲ್ಲ" ಎಂದರು.

"ಆ್ಯಪ್‌ನಲ್ಲಿ ಇಲ್ಲದಿದ್ರೆ ದಿನಕ್ಕೆ ಅರ್ಧ ಇಲ್ವಾ?" ಎಂದೆ.

"ನೋಡಿ, ಇದು ಶತಮಾನೋತ್ಸವ ವರ್ಷ. ಶಾಲೆ ಬಿಟ್ಟ ಮಕ್ಕಳು ಸೊನ್ನೆ ಅಂತ ಗೋಡೆಯಲ್ಲಿ ಬರೆದಾಗಿದೆ. ಅವಳು ಬರದೆ ಹೆಸರು ಮಾತ್ರ ಇದ್ರೆ ನಮ್ಗೆ ತೊಂದ್ರೆ. ಟಿ.ಸಿ. ತಕೊಂಡ್ರೆ ಬೇರೆ ಶಾಲೆಗೆ ಹೋದ ಹಾಗೆ ಲೆಕ್ಕ."

"ಯಾವ ಬೇರೆ ಶಾಲೆಗೆ?"

"ಅದು ನಿಮ್ಗೆ ಬಿಟ್ಟದ್ದು."

ಎಂತಹ ಅದ್ಭುತ ವ್ಯವಸ್ಥೆ! ಶಾಲೆ ಬಿಡುವ ಮಕ್ಕಳೇ ಇರಬಾರದು, ಆದ್ದರಿಂದ ಬಿಡುವ ಮೊದಲೇ ಕಳಿಸಿಬಿಡಬೇಕು. ಗೋಡೆ ಸುಳ್ಳಾಗಬಾರದು, ಆದ್ದರಿಂದ ಹುಡುಗಿ ಸುಳ್ಳಾಗಬೇಕು. ಆ ಬಡ ಸಿಸ್ಟರ್‌ಗಳಿಗೆ ಈ ಉಪಾಯ ಹೊಳೆಯಲೇ ಇಲ್ಲ ನೋಡಿ. ಅವರು ಸುಮ್ಮನೆ ಬಿಸಿಲಿನಲ್ಲಿ ಮನೆಮನೆ ತಿರುಗಿದರು. ಅವರಿಗೆ ಆ್ಯಪ್ ಇರಲಿಲ್ಲ, ಅರ್ಧ ದಿನ ಇತ್ತು. ಶಾಲೆ ಬಿಟ್ಟವರ ಸಂಖ್ಯೆಯನ್ನು ಸೊನ್ನೆ ಮಾಡಲು ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ, ಬಿಟ್ಟವರನ್ನು ಕರೆದು ತರುವುದು. ಇಷ್ಟು ಹಿಂದುಳಿದವರನ್ನು ಗೋಡೆಯ ಮೇಲೆ ಹೇಗೆ ಬರೆಯುವುದು, ಅಲ್ಲವೇ?

ಝುನೈರಾ ಮೊನ್ನೆ ವಿಡಿಯೋ ಕರೆಯಲ್ಲಿ ಸಿಕ್ಕಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ಶಾಲೆಯ ವಿಷಯ ಎತ್ತಿದರೆ, "ಕ್ಲಾಸಿನ ವಾಟ್ಸಾಪ್ ಗ್ರೂಪಿನಿಂದ ನನ್ನನ್ನು ತೆಗ್ದಿದ್ದಾರೆ" ಎಂದಳು.

"ಯಾರಾದ್ರೂ ಕೇಳಿದ್ರಾ ನಿನ್ನನ್ನು?"

"ಇಲ್ಲ" ಎಂದಳು. ಆಮೇಲೆ ದೊಡ್ಡವರ ಹಾಗೆ, "ಅವರಿಗೆಲ್ಲ ಪರೀಕ್ಷೆ ಅಲ್ವಾ?" ಎಂದು ತಾನೇ ಸಮಾಧಾನ ಹೇಳಿದಳು, ನನಗೆ. ಆ ಸ್ವರ ನನಗೆ ಚೆನ್ನಾಗಿ ಗೊತ್ತು. ಅದು ಇನ್ನು ಕಾಯುವುದಿಲ್ಲ ಎಂದು ಅಭ್ಯಾಸ ಮಾಡುವ ಸ್ವರ.

ನೀನೇ ಊರಿಗೆ ಬಂದು ತಾಯಿಯನ್ನು ನೋಡಿಕೋ ಎಂದು ನೀವು ಹೇಳಬಹುದು. ನ್ಯಾಯವಾದ ಮಾತು, ನಾನೇ ನನಗೆ ದಿನವೂ ಹೇಳಿಕೊಳ್ಳುತ್ತೇನೆ. ಯಹ್ಯಾ ಅವರ ಕಂಪನಿ ಕೈ ಬದಲಾಗಿದೆ. ಹೊಸ ಕಫೀಲ್, ಅಂದರೆ ಮಾಲೀಕ, ನಮ್ಮ ಇಕಾಮಾ ಎಂಬ ವಾಸದ ಪರವಾನಗಿಯನ್ನು ನವೀಕರಣ ಮಾಡಿಸುವ ತನಕ ನಾನು ಇಲ್ಲಿಂದ ಅಲುಗುವ ಹಾಗಿಲ್ಲ. "ಬುಕ್ರಾ, ಬುಕ್ರಾ" ಎನ್ನುತ್ತಾನೆ. ನಾಳೆ ಎಂದು ಅರ್ಥ. ಅವನ ನಾಳೆ ಯಾವಾಗ ಬರುತ್ತದೋ. ಅಷ್ಟರಲ್ಲಿ ನಿಮ್ಮ ಗೋಡೆಯ ಉದ್ಘಾಟನೆ ಬರುತ್ತದೆ. ಅದಕ್ಕೆ ಮೊದಲು ಟಿ.ಸಿ. ಒಯ್ಯಬೇಕು ಎಂದು ಸಬೀನಾಗೆ ತಾಕೀತು ಬಂದಿದೆ. ಅವಳು ಹೆದರುವ ಹೆಂಗಸು. ಸಹಿ ಹಾಕು ಎಂದರೆ ಹಾಕಿಬಿಡುತ್ತಾಳೆ.

ಸಿಸ್ಟರ್ ಸೆವ್ರಿನ್ ಬದುಕಿದ್ದಾರೆ ಎಂದು ನಿಮಗೆ ಗೊತ್ತೇ? ಉದ್ಘಾಟನೆಯ ಆಮಂತ್ರಣದಲ್ಲಿ ಅವರ ಹೆಸರಿಲ್ಲ. ಕನ್ಯಾಸ್ತ್ರೀಯರ ಸಭೆಗೆ ಹೊಸಬರು ಸೇರದೆ ಸಿಸ್ಟರ್‌ಗಳು ಶಾಲೆಯನ್ನು ನಿಮ್ಮ ಟ್ರಸ್ಟ್‌ಗೆ ಒಪ್ಪಿಸಿ ಹೋದರಲ್ಲ, ಆಗ ಸೆವ್ರಿನ್ ಅವರನ್ನು ವಯಸ್ಸಾದ ಸಿಸ್ಟರ್‌ಗಳ ಮನೆಗೆ ಕಳಿಸಿದರು. ಮೋಹಿನಿ ನಂಬರು ಹುಡುಕಿ ಕೊಟ್ಟಳು. ಬಹಳ ದಿನ ಧೈರ್ಯ ಬರದೆ, ಕೊನೆಗೆ ಫೋನ್ ಮಾಡಿದೆ. ಕಿವಿ ಮಂದ. ನಾನು ಕಿರುಚಬೇಕಾಯಿತು. ಈ ಕಟ್ಟಡದವರೆಲ್ಲ ಮೊದಲ ಸಲ ಕನ್ನಡ ಕೇಳಿರಬೇಕು.

"ಯಾವ ಬತೂಲ್? ಮಗು ತರ್ತಾ ಇದ್ದವಳಾ?"

"ಹೌದು ಸಿಸ್ಟರ್."

"ಮಗು ಈಗ ಎಂತ ಮಾಡ್ತದೆ?"

"ಮಗು ಸೌದಿಯಲ್ಲಿ ಲಾರಿ ಓಡಿಸ್ತದೆ ಸಿಸ್ಟರ್. ಹಾಲಿನದ್ದು."

"ಹಾಲಿನದ್ದಾ? ಒಳ್ಳೇದಾಯ್ತು. ಹಾಲಿಗೆ ತುಂಬ ಅಳ್ತಿತ್ತು ಅದು."

ಗೋಡೆಯ ಸಾಲನ್ನು ಓದಿ ಹೇಳಿದೆ. ಅವರಿಗೆ ನೋವಾಯಿತು, ಇಲ್ಲ ಎಂದು ಹೇಳಿದರೆ ಸುಳ್ಳು. "ನಮ್ಮಲ್ಲಿ ಸತ್ತವರ ಹೆಸರಾದ್ರೂ ಹಾಕ್ಬಹುದಿತ್ತು" ಎಂದರು. ಝುನೈರಾಳ ಸುದ್ದಿ ಹೇಳಿದಾಗ ಮಾತ್ರ ಹಳೆಯ ಸ್ವರ ಬಂತು. "ಮನೆಗೆ ಯಾರು ಹೋದ್ರು?" ಎಂದು ಕೇಳಿದರು. ಯಾರೂ ಹೋಗಿಲ್ಲ ಎಂದೆ. "ಯಾರೂ ಇಲ್ವಾ?" ಎಂದು ಇನ್ನೊಮ್ಮೆ ಕೇಳಿದರು. ನನಗೆ ಕೇಳಿಸಲಿಲ್ಲವೇನೋ ಎಂಬ ಹಾಗೆ, ಮತ್ತೂ ಒಮ್ಮೆ.

ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ಹಾಜರಿಗೆ ಆ್ಯಪ್ ತಂದಿರಿ, ಒಳ್ಳೆಯದು. ಕಾನ್ವೆಂಟಿನ ಜಗಲಿಗೆ ಗಾಜು ಹಾಕಿಸಿ ನಿಮ್ಮ ಕಚೇರಿ ಮಾಡಿಕೊಂಡಿರಿ, ತಂಪಾಗಿ ಇರಿ. ಗೋಡೆಯ ಸಾಲನ್ನು ತಿದ್ದಬೇಕು, ಬದುಕಿರುವ ಆ ಒಬ್ಬರನ್ನು ಕರೆಸಿ ಮುಂದಿನ ಸಾಲಿನಲ್ಲಿ ಕೂರಿಸಬೇಕು, ಇದು ಬೇಡಿಕೆಯೇ. ಆದರೆ ಬಣ್ಣ ಒಣಗಿದ ಮೇಲೂ ತಿದ್ದಬಹುದು. ಹುಡುಗಿ ಹಾಗಲ್ಲ. ಮೊದಲು ಟಿ.ಸಿ.ಯ ಮಾತು ನಿಲ್ಲಿಸಿ. ಮಧ್ಯಾಹ್ನದವರೆಗೆ ಬರಲು ಬಿಡಿ. ಆ ಮಾತನ್ನು ಫೋನಿನಲ್ಲಿ ಹೇಳಬೇಡಿ. ಫೋನ್ ಎಂದರೆ ಸಬೀನಾ ಹೆದರುತ್ತಾಳೆ. ಯಾರಾದರೂ ಮನೆಗೆ ಹೋಗಿ ಹೇಳಿ. ನೀವೇ ಹೋದರೆ ಇನ್ನೂ ಒಳ್ಳೆಯದು.

ದಾರಿ ಬರೆಯುತ್ತೇನೆ. ನಾನು ಹೋಗದೆ ಕೆಲವು ವರ್ಷಗಳಾದವು, ಗುರುತುಗಳು ಬದಲಾಗಿದ್ದರೆ ತಪ್ಪು ತಿಳಿಯಬೇಡಿ. ಶಾಲೆಯ ಹಿಂದಿನ ಗೇಟಿನಿಂದ ಇಳಿದರೆ ಮಸೀದಿ. ಅದರ ಎಡಕ್ಕೆ ಕೆಂಪು ಕಲ್ಲಿನ ಕಾಂಪೌಂಡು. ಅಲ್ಲೊಂದು ಹಲಸಿನ ಮರ ಇತ್ತು, ಕಡಿದಿದ್ದಾರೆ ಎಂದೂ ಇಲ್ಲ ಎಂದೂ ಹೇಳುತ್ತಾರೆ. ಮುಂದೆ ತೋಡಿಗೆ ಸಿಮೆಂಟಿನ ಕಾಲುಸಂಕ. ದಾಟುವಾಗ ಜಾಗ್ರತೆ, ಪಾಚಿ ಇರುತ್ತದೆ. ಆಚೆ ಮೂರು ಮನೆ, ಹಸಿರು ಬಾಗಿಲಿನದ್ದು ನಮ್ಮದು. ಬಣ್ಣ ಬದಲಿಸಿದ್ದರೆ, ಹೊರಗೆ ಮಗುವಿನ ಬಟ್ಟೆ ಒಣಗಿಸಿದ ಮನೆ. ಬಾಗಿಲು ತಟ್ಟಿದರೆ ಉಮ್ಮ ಮಲಗಿದಲ್ಲಿಂದಲೇ ಯಾರು ಎಂದು ಕೇಳುತ್ತಾಳೆ. ಸಂಚಾಲಕರು ಎನ್ನಬೇಡಿ, ಅವಳಿಗೆ ಗೊತ್ತಾಗುವುದಿಲ್ಲ. ಶಾಲೆಯಿಂದ ಬಂದವರು ಎನ್ನಿ. ಅಷ್ಟು ಸಾಕು, ಉಳಿದದ್ದನ್ನು ಅವಳೇ ಮಾಡುತ್ತಾಳೆ. ಮೊದಲು ಚಹಾಕ್ಕೆ ಹೇಳುತ್ತಾಳೆ, ಆಮೇಲೆ ಮೊಮ್ಮಗಳನ್ನು ಕರೆಯುತ್ತಾಳೆ.

ಇಂತಿ,
ಟಿ.ಸಿ. ತೆಗೆದುಕೊಳ್ಳದೆಯೇ ಹೊರಟುಹೋದವಳಾದ್ದರಿಂದ ನಿಮ್ಮ ನಿಯಮದ ಪ್ರಕಾರ ಇನ್ನೂ ನಿಮ್ಮದೇ ವಿದ್ಯಾರ್ಥಿನಿ,
ಬತೂಲ್
ಎಂಟನೇ ತರಗತಿ, ಸದ್ಯ ತಬೂಕ್